ಕಣ್ಗಾವಲು ಫಲಕದೊಂದಿಗೆ ಕಾಲು ಗಂಟೆ

ನಮ್ಮ ಬೀದಿಯ ದಿನಸಿ ಅಂಗಡಿಯ ಗೋಡೆಗೆ ಒಂದು ತಗಡಿನ ಬೋರ್ಡು ಜಡಿದಿದ್ದಾರೆ. ಹಳದಿ ಬಣ್ಣ, ಕಪ್ಪು ಅಕ್ಷರ: ‘ಎಚ್ಚರಿಕೆ! ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ’. ಕಾಲು ಕೇಜಿ ಹೆಸರುಬೇಳೆ ಕೊಳ್ಳಲು ಬಂದವನಿಗೆ ಎಚ್ಚರಿಕೆ ಯಾಕೆಂದು ಬಹಳ ದಿನದಿಂದ ಕೇಳಬೇಕೆನಿಸಿತ್ತು. ಮೊನ್ನೆ ಸಂಜೆ ಕರೆಂಟು ಹೋಯಿತು. ಅಂಗಡಿಯವರು ಮೇಣದಬತ್ತಿ ಹುಡುಕಲು ಒಳಗೆ ಹೋದರು. ಬೋರ್ಡು ತಾನಾಗಿಯೇ ಗಂಟಲು ಸರಿಮಾಡಿಕೊಂಡಿತು.

“ಧೈರ್ಯವಾಗಿ ಕೇಳಿ ಸಾರ್. ಈಗ ಯಾರೂ ನೋಡ್ತಿಲ್ಲ.”

ನಿಮ್ಮ ಹುಟ್ಟು, ಮನೆತನ?

ಅಪ್ಪಟ ಕನ್ನಡ. ಅಪ್ಪ ಕಣ್ಣು, ಅಮ್ಮ ಕಾವಲು. ಇಬ್ಬರೂ ಸೇರಿದ ಕೂಡಲೇ ಕಾವಲಿನ ‘ಕ’ ಹೋಗಿ ‘ಗ’ ಬಂತು. ಹೈಸ್ಕೂಲಲ್ಲಿ ಓದಿರ್ತೀರಿ, ಆದೇಶ ಸಂಧಿ. ನನ್ನ ಹುಟ್ಟೇ ಆದೇಶದಿಂದ ಆದದ್ದು ಸಾರ್. ಸರ್ಕಾರಿ ಸುತ್ತೋಲೆಗಳಿಗೆ ನನ್ನ ಮೇಲೆ ಅಷ್ಟು ಪ್ರೀತಿ ಇರೋದು ಅದಕ್ಕೇ.

ಇಂಗ್ಲಿಷಿನ ಸರ್ವೆಲೆನ್ಸ್ ನಿಮಗೆ ಏನಾಗಬೇಕು?

ನೆಂಟಸ್ತನ ಏನಿಲ್ಲ. ಅವರ ಪಾಳಿಗೆ ನನ್ನನ್ನ ಬದಲಿ ಹಾಕಿದ್ದಾರೆ, ಅಷ್ಟೇ. ಅವರ ಮೂಲ ಫ್ರಾನ್ಸು. ‘ಸುರ್’ ಅಂದ್ರೆ ಮೇಲೆ, ‘ವೆಯೆ’ ಅಂದ್ರೆ ಎಚ್ಚರವಾಗಿರೋದು. ಮೇಲೆ ಕೂತು ಎಚ್ಚರವಾಗಿರೋ ಕೆಲಸ. 1793ರಲ್ಲಿ, ಕ್ರಾಂತಿ ಉರೀತಿದ್ದಾಗ, ಊರೂರಿಗೆ ಆ ಹೆಸರಿನ ಸಮಿತಿ ಮಾಡಿದ್ರು. ಪರಸ್ಥಳದವರ ಮೇಲೆ ಕಣ್ಣಿಡೋದು, ಅನುಮಾನ ಬಂದವರ ಪಟ್ಟಿ ಬರೆಯೋದು. ಆ ಪಟ್ಟಿಗೆ ಸೇರಿದವರ ಕತ್ತಿಗೆ ಗ್ಯಾರಂಟಿ ಇರ್ಲಿಲ್ಲ. ಆ ಪದ ಸಮುದ್ರ ದಾಟಿ ಇಂಗ್ಲಿಷಿಗೆ ಹೋಗಿದ್ದು ಅದಾದ ಮೇಲೇ.

ನೀವೂ ಮೇಲೇ ಕೂತಿದ್ದೀರಲ್ಲ?

ಮೊಳೆ ಹೊಡೆದಿದ್ದಾರೆ ಸಾರ್, ಕೂತಿಲ್ಲ. ನಮ್ಮಮ್ಮನ ಗುಣವೇ ಬೇರೆ. ದನ ಕಾಯೋದು, ಹೊಲ ಕಾಯೋದು, ಕೂಸು ಕಾಯೋದು. ಅಟ್ಟಣೆ ಮೇಲೆ ಕೂತು ಜೋಳ ಕಾಯೋನು ಗಿಣಿ ಬಂದ್ರೆ ಕವಣೆ ಬೀಸ್ತಾನೆ, ಸುಮ್ನೆ ನೋಡ್ತಾ ಕೂರಲ್ಲ. ಊರಿಗೊಬ್ಬ ತಳವಾರ ಇರ್ತಿದ್ದ. ಅಪರಾಧದ ಸುಳಿವು ತರೋನು, ದಾರಿಹೋಕರನ್ನ ಗಡಿ ದಾಟಿಸೋನು. ಎಡವಟ್ಟಾದ್ರೆ ಊರೋರು ಅವನ ಮನೆ ಮುಂದೆ ನಿಂತು ಹೆಸರು ಹಿಡಿದು ಬೈಬಹುದಿತ್ತು.

ಈಗ?

ಹೋದ ಶ್ರಾವಣದಲ್ಲಿ ಇದೇ ಬಾಗಿಲಿಂದ ಒಂದು ಎಣ್ಣೆ ಟಿನ್ನು ಹೋಯ್ತು. ಕ್ಯಾಮೆರಾ ಚೆನ್ನಾಗಿ ನೋಡ್ತು. ನಾಲ್ಕು ದಿನ ಆದ್ಮೇಲೆ ಅಂಗಡಿಯವರೂ ನೋಡಿದ್ರು. ಟಿನ್ನು ಹೋಗ್ತಾ ಇತ್ತು. ಎಷ್ಟು ಸಲ ಹಾಕಿ ನೋಡಿದ್ರೂ ಹೋಗ್ತಾನೇ ಇತ್ತು.

ಬಂಧು-ಬಳಗದ ಬಗ್ಗೆ ಹೇಳಿ.

ನಿಗಾ ಪಾರಸಿ ಮನೆತನದವಳು. ‘ನಿಗಾಹ್’ ಅಂದ್ರೆ ನೋಟ. ಗಜಲುಗಳಲ್ಲಿ ಪ್ರೇಯಸಿಯ ಕಣ್ಣಲ್ಲಿದ್ದವಳು ನಮ್ಮಲ್ಲಿಗೆ ಬಂದು ಆಸ್ಪತ್ರೆ ಸೇರಿದಳು, ತೀವ್ರ ನಿಗಾ ಘಟಕ. ಗಸ್ತೂ ಪಾರಸಿಯವನೇ, ಸುತ್ತಾಟ ಅಂತ ಅರ್ಥ, ಆ ಅರ್ಥ ಇವತ್ತಿಗೂ ಕೆಟ್ಟಿಲ್ಲ. ಪಹರೆ ಸಂಸ್ಕೃತದ ಪ್ರಹರದ ಮೊಮ್ಮಗ, ಮೂರು ಗಂಟೆಗೊಂದು ಪಾಳಿ. ಉಸ್ತುವಾರಿ ಸಚಿವರಾಗಿದ್ದಾರೆ, ಬಾವುಟ ಹಾರಿಸೋ ದಿನ ಜಿಲ್ಲೆಗೆ ಬರ್ತಾರೆ. ನಮ್ಮಲ್ಲಿ ಪ್ರಾಮಾಣಿಕ ಅಂದ್ರೆ ಕದ್ದಾಲಿಕೆ ಒಬ್ಬನೇ. ಇಂಗ್ಲಿಷಿನವರು ‘ಟ್ಯಾಪಿಂಗ್’ ಅಂತ ನಲ್ಲಿ ತಿರುಗಿಸಿದ ಹಾಗೆ ಹೇಳಿ ಮುಗಿಸ್ತಾರೆ. ಇವನು ಹೆಸರಲ್ಲೇ ಕಳ್ಳತನ ಒಪ್ಕೊಂಡಿದ್ದಾನೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಇವನ ಆರೋಪ ಎದ್ದ ಮೇಲೆ.

ಬೇಹುಗಾರಿಕೆಯವರು ಮೈಸೂರಿನವರಂತೆ?

ಅವರ ಜಾತಕ ಮೈಸೂರಲ್ಲಿ ಸಿಕ್ತು. 1905ರಲ್ಲಿ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ಹಸ್ತಪ್ರತಿ ಬಂತು, 1909ರಲ್ಲಿ ಅಚ್ಚಾಯ್ತು. ಬಿಚ್ಚಿ ನೋಡಿದ್ರೆ ಒಳಗೆ ಗೂಢಪುರುಷರ ದೊಡ್ಡ ಪಟ್ಟಿ: ಕಪಟ ಶಿಷ್ಯ, ವ್ಯಾಪಾರಿ, ತಪಸ್ವಿ, ಭಿಕ್ಷುಕಿ. ಇಷ್ಟೆಲ್ಲ ಯೋಚಿಸಿದ ಕೌಟಿಲ್ಯ ಒಂದು ಕಡೆನಾದ್ರೂ ಬೋರ್ಡು ಹಾಕಿಸಿ ಅಂದಿಲ್ಲ. ನನಗೆ ಅದೊಂದೇ ಬೇಜಾರು.

ಕಾನೂನಿನಲ್ಲಿ ನಿಮ್ಮ ಅರ್ಥವೇನು?

(ಬೋರ್ಡು ಸ್ವಲ್ಪ ಹೊತ್ತು ಸುಮ್ಮನಿತ್ತು.) ಉತ್ತರ ಪ್ರದೇಶದ ಪೊಲೀಸರು ತಮ್ಮ ನಿಯಮಾವಳಿಯಲ್ಲಿ ಅರ್ಥ ಬರೆದಿಟ್ಟಿದ್ರು: ಮನೆ ಸುತ್ತ ಗುಟ್ಟಾಗಿ ಕಾಯೋದು, ರಾತ್ರಿ ಮನೆಗೆ ಹೋಗಿ ನೋಡೋದು, ಎಲ್ಲಿಗೆ ಹೋದ, ಯಾವಾಗ ಬಂದ ಅಂತ ವರದಿ ಮಾಡೋದು. ಖರಕ್ ಸಿಂಗ್ ಅಂತ ಒಬ್ಬರನ್ನ 1941ರಲ್ಲಿ ದರೋಡೆ ಕೇಸಲ್ಲಿ ಹಿಡಿದು, ಸಾಕ್ಷ್ಯ ಇಲ್ಲ ಅಂತ ಬಿಟ್ರು. ಬಿಟ್ಟ ಮೇಲೂ ಅವರ ಹೆಸರಿನ ಕಡತ ಮುಚ್ಚಲಿಲ್ಲ. ರಾತ್ರಿ ಹೊತ್ತು ಪೊಲೀಸಿನವರೋ ಊರ ಚೌಕಿದಾರನೋ ಬಂದು ಬಾಗಿಲು ಬಡಿದು ಎಬ್ಬಿಸೋರು. ಕಾವಲುಗಾರ ಸಾರ್, ನಮ್ಮಮ್ಮನ ಕಡೆಯೋನು! ಮಲಗಿದವರ ನಿದ್ದೆ ಕಾಯಬೇಕಾದೋನೇ ನಿದ್ದೆ ಕೆಡಿಸ್ತಿದ್ದ. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿ ಭೇಟಿ ಮಾತ್ರ ತಪ್ಪು ಅಂತು, ಮಿಕ್ಕಿದ್ದು ಇರಲಿ ಅಂತು. ಖಾಸಗಿತನ ಮೂಲಭೂತ ಹಕ್ಕು ಅಂತ ಅದೇ ಕೋರ್ಟು ಒಂಬತ್ತು ಜನ ಕೂತು ಹೇಳೋಕೆ 2017 ಆಗಬೇಕಾಯ್ತು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿ ಆಗಿದ್ದವರು.

ಹಿಂದೆ ಮನೆ ಕಟ್ಟಿಸಿದವರು ಬೂದುಗುಂಬಳ ಕಟ್ಟಿ ‘ಕಣ್ಣು ಬೀಳದಿರಲಿ’ ಎನ್ನುತ್ತಿದ್ದರು. ಈಗ?

ಈಗಲೂ ಕಟ್ತಾರೆ. ಪಕ್ಕದಲ್ಲೇ ದುಡ್ಡು ಕೊಟ್ಟು ಕಣ್ಣೂ ಹಾಕಿಸ್ತಾರೆ. ಕುಂಬಳಕಾಯಿಗೂ ಕ್ಯಾಮೆರಾಗೂ ಮಾತುಕತೆ ಇಲ್ಲ.

ಈ ಅಂಗಡಿಯಲ್ಲಿ ಕ್ಯಾಮೆರಾ ಏನೇನು ನೋಡುತ್ತೆ?

ತಲೆ ಎತ್ತಿ ನೀವೇ ನೋಡಿ. ಒಂದರ ಮುಖ ಗಿರಾಕಿ ಕಡೆ. ಇನ್ನೊಂದು ಗಲ್ಲಾ ಪಕ್ಕ ಪೊಟ್ಟಣ ಕಟ್ಟೋ ಹುಡುಗನ ಕಡೆ. ಅವನು ಕೂತ್ಕೊಂಡ್ರೆ ಅಂಗಡಿಯವರಿಗೆ ಮನೇಲಿದ್ದೇ ಮೊಬೈಲಲ್ಲಿ ಗೊತ್ತಾಗುತ್ತೆ, ಫೋನ್ ಬರುತ್ತೆ. ತಕ್ಕಡಿ ಕಡೆ ಮುಖ ಮಾಡಿದ್ದು ಒಂದೂ ಇಲ್ಲ.

ಕೊನೆಯದಾಗಿ, ರಾತ್ರಿ ಹಗಲು ನಮ್ಮನ್ನು ನೋಡುವುದು ಯಾರು? ಅಂಗಡಿಯವರೊಬ್ಬರೇನಾ?

ಅಷ್ಟರಲ್ಲಿ ಕರೆಂಟು ಬಂತು. ಮೂಲೆಯಲ್ಲಿ ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ಬೋರ್ಡು ಮತ್ತೆ ತಗಡಾಯಿತು. ಅಂಗಡಿಯವರು ಹೊರಬಂದು, “ಗೋಡೆ ಜೊತೆ ಏನ್ ಸ್ವಾಮಿ ಮಾತು?” ಎಂದರು. ಹೆಸರುಬೇಳೆ ತೂಗಿಸಿಕೊಂಡೆ. ಅವತ್ತು ಮಾತ್ರ ಮುಳ್ಳಿನ ಮೇಲೆ ಕಣ್ಣಿಟ್ಟಿದ್ದೆ.

ಹೊರಡುವ ಮುಂಚೆ ಬೋರ್ಡಿನ ಕೆಳತುದಿಯನ್ನು ಬಗ್ಗಿ ಓದಿದೆ. ಒಂದೇ ಒಂದು ಫೋನ್ ನಂಬರಿತ್ತು, ಬೋರ್ಡು ಬರೆದುಕೊಟ್ಟವರದು. ನಿಮ್ಮ ಅಂಗಡಿಗೋ ಅಪಾರ್ಟ್‌ಮೆಂಟಿಗೋ ಇಂಥದೊಂದು ಬರೆಸುವುದಿದ್ದರೆ ದಯವಿಟ್ಟು ಇನ್ನೊಂದು ಸಾಲು ಸೇರಿಸಿ: ನೋಡುವವರ ಹೆಸರು.