ಕಂಕುಳ ಕೂಸು ಮತ್ತು ಕರ್ಮಸನ್ನದ್ಧತೆ: ಬಳ್ಳಾರಿ ಸೀಮೆಯ ನಾಯಿಕಾಭೇದ ವಿವೇಚನೆ

ಸರ್ಕಾರದ ಸಹಾಯಧನ ಪಡೆಯುವ, ಎಳೆಮಕ್ಕಳ ತಾಯಿಯಾದ ಹೆಂಗಸು ಉದ್ಯೋಗಕ್ಕೆ ಸನ್ನದ್ಧಳೋ ಅಲ್ಲವೋ ಎಂಬ ಸಂಶಯ ಪಂಡಿತರನ್ನು ಬಹುಕಾಲದಿಂದ ಕಾಡುತ್ತಿದೆ. ಹೆಂಗಸರನ್ನು ಕಾಡಿದಂತಿಲ್ಲ, ಅವರಿಗೆ ಅಷ್ಟು ಪುರುಸೊತ್ತಿಲ್ಲ. ಆ ಕೊರತೆಯನ್ನು ತುಂಬಲೆಂದೇ ಈ ಪ್ರಬಂಧ. ಕ್ಷೇತ್ರ: ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು. ಕಾಲ: ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕು, ನಡುವೆ ಊಟದ ವಿರಾಮ. ಆ ಹೊತ್ತಿನಲ್ಲಿ ಹೆಚ್ಚಿನ ಮನೆಗಳಿಗೆ ಬೀಗ ಬಿದ್ದಿದ್ದರಿಂದ ಉತ್ತರದ ಕಾಲಮ್ಮಿನಲ್ಲಿ 'ನಿರಾಸಕ್ತಿ' ಎಂದು ದಾಖಲಿಸಲಾಗಿದೆ.

ಶಾಸ್ತ್ರಗ್ರಂಥವೆಂದ ಮೇಲೆ ಪೂರ್ವಸೂರಿಗಳ ಸ್ಮರಣೆ ಆಗಬೇಕು. ನಮ್ಮ ವಿಷಯದ ಮೂಲಪುರುಷ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಬಳ್ಳಾರಿ ಅಂದು ಮದರಾಸು ಪ್ರಾಂತದ ಜಿಲ್ಲೆ. 1876-78ರ ಬರದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಅದೂ ಒಂದು. ಇದಕ್ಕೆ ಕೆಲವೇ ವರ್ಷ ಮುಂಚೆ ಬಿಹಾರದ ಬರದಲ್ಲಿ ಟೆಂಪಲ್ಲರು ಅಕ್ಕಿ ತರಿಸಿ ಜನರನ್ನು ಬದುಕಿಸಿ, ದುಂದುಗಾರನೆಂದು ಬೈಸಿಕೊಂಡಿದ್ದರು. ಆ ಅಪವಾದ ತೊಳೆದುಕೊಳ್ಳುವ ಸದವಕಾಶ ದಕ್ಷಿಣದಲ್ಲಿ ಒದಗಿತು. 1877ರಲ್ಲಿ ಬಂದವರೇ, ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದರು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಅಷ್ಟರಲ್ಲಿ ಕಲ್ಲು ಒಡೆಯುವವನು ಬದುಕಲಾರನೆಂದು ಮದರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಜಗಳ ತೆಗೆದರು. ಇಬ್ಬರು ಮಹನೀಯರ ಈ ಪತ್ರವ್ಯವಹಾರ ಅತ್ಯಂತ ಪಾಂಡಿತ್ಯಪೂರ್ಣವಾಗಿತ್ತು. ಅದು ಮುಗಿಯುವವರೆಗೆ ಕಾಯಲಾಗದವರು ಸತ್ತರು. ಆಮೇಲೆ ಬಂದ ಕ್ಷಾಮ ಆಯೋಗ, ಕೈಯೊಡ್ಡಿದವನು ನಿಜವಾಗಿ ಹಸಿದಿದ್ದಾನೋ ಇಲ್ಲವೋ ತಿಳಿಯಬೇಕಾದರೆ ಅವನಿಂದ ಕೆಲಸ ಮಾಡಿಸಿ ನೋಡುವುದೇ ಸರಿಯಾದ ಪರೀಕ್ಷೆ ಎಂದು ನಿರ್ಣಯಿಸಿತು. ಇಂದಿನ ಸನ್ನದ್ಧತಾಶಾಸ್ತ್ರವೆಲ್ಲ ಈ ಸೂತ್ರಕ್ಕೆ ಬರೆದ ಭಾಷ್ಯ.

ಇನ್ನು ಪೂರ್ವಪಕ್ಷ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾಗಿ, ರೇಷನ್ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದ ಮೇಲೆ ಹೆಂಗಸರು ಸೋಮಾರಿಗಳಾದರು, ಕಳೆ ತೆಗೆಯಲು ಆಳು ಸಿಗುತ್ತಿಲ್ಲ ಎಂಬುದು ಒಂದು ಮತ. ಈ ಮತದ ಆಚಾರ್ಯರು ನಮಗೆ ಕುರುಗೋಡಿನ ಗುಡಿಕಟ್ಟೆಯ ಮೇಲೆ ಸಿಕ್ಕರು. ಬೆಳಗ್ಗೆ ನೋಡಿದಾಗ ಅಲ್ಲಿದ್ದರು, ಸಂಜೆಯೂ ಅಲ್ಲೇ ಇದ್ದರು; ಸೋಮಾರಿತನವನ್ನು ಇಷ್ಟು ಹತ್ತಿರದಿಂದ ಬಲ್ಲವರು ಬೇರೆ ಸಿಗಲಾರರು. (ಕುರುಗೋಡಿನಲ್ಲಿ ಇವರಿಗಿಂತ ದೀರ್ಘಕಾಲ ಕುಳಿತವನು ದೊಡ್ಡಬಸವೇಶ್ವರನೊಬ್ಬನೇ. ಆದರೆ ಅವನು ಯಾರನ್ನೂ ದೂರುವುದಿಲ್ಲ.) ಲೆಕ್ಕ ಹಾಕಿ ನೋಡೋಣ. 2,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ 66 ರೂಪಾಯಿ 66 ಪೈಸೆ. ಮನೆಯಲ್ಲಿ ನಾಲ್ಕು ಮಂದಿ ಎಂದರೆ ತಲೆಗೆ ಹದಿನಾರು ಚಿಲ್ಲರೆ. ಒಂದು ಪ್ಲೇಟ್ ಒಗ್ಗರಣೆ ಮಿರ್ಚಿಗೂ ಸಾಲದ ಈ ಹಣದಲ್ಲಿ ಒಂದಿಡೀ ಸಂಸಾರವನ್ನು ಸೋಮಾರಿಯಾಗಿಸುವ ವಿದ್ಯೆ ಬಳ್ಳಾರಿಯ ಹೆಂಗಸರಿಗೆ ನಿಜವಾಗಿ ಸಿದ್ಧಿಸಿದ್ದರೆ ರಾಜ್ಯದ ಆಯವ್ಯಯವನ್ನೇ ಅವರ ಕೈಗೆ ಕೊಡುವುದು ಲೇಸು.

ಪ್ರಶ್ನಾವಳಿಗಾಗಿ ಅಮೆರಿಕದ ಕಡೆ ನೋಡಿದೆವು. ಅಲ್ಲಿ 1996ರ ಕಾಯ್ದೆಯ ಪ್ರಕಾರ ನೆರವು ಪಡೆಯುವ ಒಂಟಿ ತಾಯಿಗೆ ಆರು ವರ್ಷದೊಳಗಿನ ಮಗುವಿದ್ದರೆ ವಾರಕ್ಕೆ 20 ಗಂಟೆ ದುಡಿದರೂ ಲೆಕ್ಕಕ್ಕೆ ಬರುತ್ತದೆ. ಈ ಅಳತೆಯನ್ನು ಸಿರುಗುಪ್ಪದ ಭತ್ತದ ಗದ್ದೆಗೆ ತಂದಾಗ ತಾಂತ್ರಿಕ ತೊಂದರೆ ಎದುರಾಯಿತು. ನಾಟಿಯ ಕಾಲದಲ್ಲಿ ಅಲ್ಲಿಯ ತಾಯಂದಿರ ವಾರ ಮಂಗಳವಾರ ಸಂಜೆಗೇ ಮುಗಿದುಹೋಗುತ್ತಿತ್ತು. ಉಳಿದ ದಿನಗಳನ್ನು ಹವ್ಯಾಸವೆಂದು ಪರಿಗಣಿಸಿದೆವು. 'ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸವಿದೆಯೆ?' ಎಂಬ ಮೊದಲ ಪ್ರಶ್ನೆಗೆ ಒಬ್ಬಾಕೆ, "ಐದಕ್ಕೆ ಎದ್ರೆ ಹೆಂಗಣ್ಣಾ? ಐದಕ್ಕೆ ಗಾಡಿ ಹೊಂಟೋಗಿರ್ತತಿ" ಎಂದಳು. ಐದಕ್ಕೆ ಏಳುವುದಿಲ್ಲವೆಂದು ಒಪ್ಪಿಕೊಂಡದ್ದರಿಂದ ಸೊನ್ನೆ ಅಂಕ.

ಪರದೇಶದ ಮಾಪನ ಹೀಗೆ ಕೈಕೊಟ್ಟಾಗ ದೇಶೀಯ ಶಾಸ್ತ್ರವೇ ಗತಿ. ಭರತಮುನಿ ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾನೆ. ಆ ಎಂಟೂ ಅವಸ್ಥೆಗಳು ಈ ಮೂರು ಊರುಗಳಲ್ಲಿ ದೊರೆಯುತ್ತವೆಂಬುದು ನಮ್ಮ ಹೊಸ ಶೋಧ. ಸಿಂಗರಿಸಿಕೊಂಡು ಕಾಯುವವಳು ವಾಸಕಸಜ್ಜಿಕೆ: ಬುತ್ತಿ ಕಟ್ಟಿಕೊಂಡು, ಗಂಡನ ಹಳೇ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಮೇಸ್ತ್ರಿಯ ಗಾಡಿಗೆ ಓಣಿಯ ತುದಿಯಲ್ಲಿ ನಿಂತವಳು. ಕತ್ತಲಲ್ಲಿ ಹೊರಟವಳು ಅಭಿಸಾರಿಕೆ. ಇವಳ ಸಂಕೇತಸ್ಥಾನ ಕುರುಗೋಡಿನ ಆಚೆಯ ಮೆಣಸಿನಕಾಯಿ ಹೊಲ, ಮತ್ತು ಅವಳ ಕಣ್ಣು ಕೆಂಪಗಿರುವುದು ವಿರಹದಿಂದಲ್ಲ. ಗಂಡ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದರೆ ಪ್ರೋಷಿತಭರ್ತೃಕೆ. ಗೃಹಲಕ್ಷ್ಮಿಯ ಕಂತು ತಡವಾಗಿ, ಮೊಬೈಲನ್ನು ಗಳಿಗೆಗೊಮ್ಮೆ ತೆಗೆದು ಬ್ಯಾಂಕಿನ ಮೆಸೇಜು ಹುಡುಕುವವಳು ವಿರಹೋತ್ಕಂಠಿತೆ. ಕಾರ್ಡಿನಲ್ಲಿ ಅತ್ತೆ ಯಜಮಾನಿಯೋ ಸೊಸೆ ಯಜಮಾನಿಯೋ ಎಂದು ಕಾದಾಡಿ, ಅತ್ತೆ ಮುನಿಸಿಕೊಂಡು ಮೊಮ್ಮಗುವನ್ನು ನೋಡಿಕೊಳ್ಳಲು ಒಲ್ಲೆನೆಂದ ಮೇಲೆ ಪಶ್ಚಾತ್ತಾಪ ಪಡುವವಳು ಕಲಹಾಂತರಿತೆ. ಖಾತೆಯ ದುಡ್ಡು ಗಂಡನ ಜೇಬಿಗೆ ಹೋಗಿ, ಅವನು ಬೇರೆಯದೇ ವಾಸನೆಯೊಡನೆ ಮರಳಿದ್ದನ್ನು ಕಂಡು ಉರಿದವಳು ಖಂಡಿತೆ.

ವಿಪ್ರಲಬ್ಧೆಯ ಬಗ್ಗೆ ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಸಂಕೇತಸ್ಥಾನಕ್ಕೆ ಹೋಗಿ ವಂಚಿತಳಾದ ಈ ನಾಯಿಕೆ 2023ರ ಜನವರಿಯಿಂದೀಚೆಗೆ ಬಹುಸಂಖ್ಯಾತಳಾಗಿದ್ದಾಳೆ. ಅಂದಿನಿಂದ ಉದ್ಯೋಗ ಖಾತರಿ ಯೋಜನೆಯ, ಎಂದರೆ ನರೇಗಾದ, ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಆ್ಯಪಿಗೆ ಏರಿಸಿದರೇನೇ ಹಾಜರಿ ಎಂದಾಯಿತು. ಹೂಳು ತೆಗೆದದ್ದು ನಿಜ, ಬೆವರು ನಿಜ. ನೆಟ್‌ವರ್ಕ್ ಮಾತ್ರ ಮಾಯೆ. ಫೋಟೊ ಏರದಿದ್ದರೆ ಆಕೆ ಬರಲೇ ಇಲ್ಲ. 2024-25ರಲ್ಲಿ ದಿನಕ್ಕೆ 349 ರೂಪಾಯಿ ಕೂಲಿ. ಬಾರದವಳಿಗೆ ಅದು ಹೇಗೆ ಬಂದೀತು? ಎಂಟನೆಯವಳಾದ ಸ್ವಾಧೀನಭರ್ತೃಕೆ, ಎಂದರೆ ಗಂಡನನ್ನು ಹಿಡಿತದಲ್ಲಿ ಇಟ್ಟುಕೊಂಡವಳು, ಸಿರುಗುಪ್ಪದಲ್ಲೊಬ್ಬಳು ಇದ್ದಾಳೆಂದು ಕೇಳಿದೆವು. ಆತನ ಕೈಗೆ ಕೂಸು ಕೊಟ್ಟು ಕೆಲಸಕ್ಕೆ ಹೋಗಿದ್ದಾಳೆಂಬ ಕಾರಣಕ್ಕೆ ಊರೇ ಆ ಮನೆ ತೋರಿಸಿತು.

ಇಲ್ಲೊಂದು ಶಾಸ್ತ್ರಲೋಪವಿದೆ. ಭರತನಾಗಲಿ, ಅವನ ಹಿಂದೆ ಬಂದ ಲಾಕ್ಷಣಿಕರಾಗಲಿ ನಾಯಿಕೆಯ ಸೊಂಟದ ಮೇಲೆ ಕೂಸನ್ನು ಕೂರಿಸಲಿಲ್ಲ. ನಮ್ಮ ನಮೂನೆಯಲ್ಲೂ ಆ ಕಾಲಮ್ಮು ಬಿಟ್ಟುಹೋಗಿತ್ತು. ಪ್ರಶ್ನೆ ಕೇಳುವಾಗ ಕೂಸುಗಳು ನಮೂನೆಯನ್ನೇ ಹರಿದದ್ದರಿಂದ ಅವುಗಳ ಇರವು ಅರಿವಿಗೆ ಬಂತು. ಉದ್ಯೋಗ ಖಾತರಿಯ ಶಾಸನಕರ್ತರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮರು. 2005ರ ನರೇಗಾ ಕಾಯ್ದೆ, ಕೆಲಸದ ಜಾಗಕ್ಕೆ ಬಂದ ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಕೂಲಿ ಕೊಡಬೇಕೆಂದು ವಿಧಿಸಿತು. ಇದನ್ನು ನಾವು ಪಂಚಮಶಿಶುನ್ಯಾಯ ಎಂದು ಕರೆಯುತ್ತೇವೆ. ನಾಲ್ಕು ಮಕ್ಕಳು ಎಷ್ಟೇ ಗಟ್ಟಿಯಾಗಿ ಅತ್ತರೂ ಶಾಸ್ತ್ರದೃಷ್ಟಿಯಲ್ಲಿ ಮಕ್ಕಳಿಲ್ಲ. ಐದನೆಯದು ಬಂದ ಕೂಡಲೇ ಹಿಂದಿನ ನಾಲ್ಕೂ ಏಕಕಾಲಕ್ಕೆ ಹುಟ್ಟುತ್ತವೆ. ತಾಯಂದಿರು ಉದ್ಯೋಗಯೋಜನೆ ಮಾಡಬೇಕಾದರೆ ಮೊದಲು ಓಣಿಯಲ್ಲಿ ಐದನೆಯ ಕೂಸನ್ನು ಹುಡುಕಬೇಕು. ಪಂಚಾಯಿತಿಗಳಲ್ಲಿ ಈಗ ಮೂರು ವರ್ಷದೊಳಗಿನವರಿಗೆ 'ಕೂಸಿನ ಮನೆ'ಗಳಿವೆ, ಅದಕ್ಕೆ ಮೇಲ್ಪಟ್ಟವರಿಗೆ ಅಂಗನವಾಡಿ ಇದೆ. ಒಳ್ಳೆಯ ಏರ್ಪಾಡೇ. ಆದರೆ ಅವುಗಳ ಬಾಗಿಲು ತೆಗೆಯುವ ಹೊತ್ತಿಗೆ ಮೆಣಸಿನಕಾಯಿ ಹೊಲದಲ್ಲಿ ಎರಡು ಸಾಲು ಮುಗಿದಿರುತ್ತವೆ. ಕೂಸು ಬೇಗ ಏಳುತ್ತದೆಯೆ, ಬಾಗಿಲು ತಡವಾಗಿ ತೆಗೆಯುತ್ತದೆಯೆ ಎಂಬುದು ಚರ್ಚಾಸ್ಪದ. ಕೂಸಿನ ಪರ ವಾದಿಸುವವರು ಸಿಗದ ಕಾರಣ ಅದರದೇ ತಪ್ಪೆಂದು ತೀರ್ಮಾನಿಸಿದೆವು.

ಬಳ್ಳಾರಿ ನಗರಕ್ಕೆ ನರೇಗಾ ಇಲ್ಲ, ಅಲ್ಲಿರುವುದು ಜೀನ್ಸ್. ಹೊಲಿದ ಪ್ಯಾಂಟಿನ ದಾರದ ತುದಿ ಕತ್ತರಿಸುವ ಕೆಲಸ ಮನೆಬಾಗಿಲಿಗೇ ಬರುತ್ತದೆ, ಪೀಸಿಗಿಷ್ಟು ಎಂದು. ಕೆಲಸವೂ ಮನೆಯಲ್ಲಿ, ಕೂಸೂ ಮನೆಯಲ್ಲಿ. ಇದಕ್ಕಿಂತ ಆದರ್ಶ ಉಂಟೆ? ನೀಲಿ ಗುಡ್ಡೆಯ ನಡುವೆ ಕೂತ ಒಂದು ಹಸುಗೂಸು ದಾರದ ತುಂಡುಗಳನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಜೀನ್ಸ್ ಉದ್ಯಮದ ಬಗ್ಗೆ ಎಳೆಯ ಪೀಳಿಗೆಗೆ ಇರುವ ಒಲವು ನಮಗೆ ಸಂತೋಷ ತಂದಿತು. ತಾಯಿ ನಮ್ಮನ್ನು ನೋಡದೆಯೇ, "ಕೇಳ್ರಿ ಸಾರ್, ಕೈ ಕೆಲಸ ಮಾಡ್ತತಿ, ಬಾಯಿ ಖಾಲಿ ಐತಿ" ಎಂದಳು. 2023ರ ಚುನಾವಣೆಯ ಹೊತ್ತಿನಲ್ಲಿ ಭರವಸೆ ಕೊಟ್ಟ ಜೀನ್ಸ್ ಪಾರ್ಕ್ ಎಲ್ಲಿಗೆ ಬಂತೆಂದು ಆಕೆ ಕೇಳಿದಳು. ಪಾರ್ಕಿನ ಸನ್ನದ್ಧತೆ ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲವೆಂದು ವಿನಯದಿಂದ ತಿಳಿಸಿದೆವು. ಕೆಲಸ, ಕೂಲಿ, ಕೂಸಿಗೆ ಜಾಗ, ಇವು ಹೆಂಗಸರಿಗೆ ಸನ್ನದ್ಧವಾಗಿವೆಯೆ ಎಂದು ಅಳೆಯುವ ಉಪಕರಣ ಯಾವ ಶಾಸ್ತ್ರದಲ್ಲೂ ಇಲ್ಲ. ಅಂಥದೊಂದು ಮಾಡಿದರೆ ಅದಕ್ಕೆ ಅನುದಾನ ಕೊಡುವವರಿಲ್ಲ.

ಕಡೆಯದಾಗಿ ಉದ್ಯೋಗಯೋಜನೆ. ಸನ್ನದ್ಧರಲ್ಲದವರಿಗಾಗಿ ಬಳ್ಳಾರಿಯಲ್ಲಿ ಮೂರು ದಿನದ ತರಬೇತಿ ನಡೆಸಬೇಕೆಂಬುದು ನಮ್ಮ ಸಲಹೆ. ವಿಷಯ: ಸಮಯಪಾಲನೆ, ಶ್ರಮಗೌರವ, ಒತ್ತಡ ನಿರ್ವಹಣೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವುದರಿಂದ ಪ್ರಯಾಣಭತ್ಯೆ ಉಳಿಯುತ್ತದೆ. ಮಕ್ಕಳನ್ನು ಕರೆತರುವಂತಿಲ್ಲ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೂರು ದಿನದ ಕೂಲಿ ಬಿಟ್ಟು ಬರಲಾಗದವಳು ಆಗಲೇ ದುಡಿಯುತ್ತಿದ್ದಾಳೆ, ಆದ್ದರಿಂದ ಸನ್ನದ್ಧಳು, ತರಬೇತಿ ಬೇಡ. ಕೂಸನ್ನು ಯಾರದೋ ಕೈಗೆ ಕೊಟ್ಟು ಹೇಳಿದ ಹೊತ್ತಿಗೆ ಸಭಾಂಗಣ ಮುಟ್ಟಿದವಳು ಸಮಯಪಾಲನೆಯನ್ನೂ ಒತ್ತಡ ನಿರ್ವಹಣೆಯನ್ನೂ ಬಾಗಿಲಲ್ಲೇ ಸಾಬೀತುಮಾಡಿದ್ದಾಳೆ, ಆಕೆಗೂ ಬೇಡ. ಹೀಗಾಗಿ ಉಪನ್ಯಾಸಗಳನ್ನು ಖಾಲಿ ಕುರ್ಚಿಗಳೆದುರು ನಡೆಸುವುದೇ ಶಾಸ್ತ್ರಸಮ್ಮತ. ಮೊದಲ ತಂಡದ ಹಾಜರಿ ಪಟ್ಟಿ, ಊಟದ ಬಿಲ್ಲು ಮತ್ತು ಸಂಪನ್ಮೂಲ ವ್ಯಕ್ತಿಯಾದ ನಮ್ಮ ಗೌರವಧನದ ರಸೀದಿ ಲಗತ್ತಿಸಿದೆ. ಎರಡನೆಯ ತಂಡಕ್ಕೆ ಮಂಜೂರಾತಿ ಕೋರಿದೆ.