ಗವರ್ನರ್ ಸಾಹೇಬರ ಸಂಸಾರ ತಾಪತ್ರಯ

ಹನ್ನೊಂದು ತಿಂಗಳಿಗೊಮ್ಮೆ ಲೀವ್ ಅಂಡ್ ಲೈಸೆನ್ಸ್ ಮುಗಿದು, ಗಾದಿ, ಗ್ಯಾಸ್ ಸಿಲಿಂಡರು, ದೇವರ ಪಟ ಎಲ್ಲವನ್ನೂ ಟೆಂಪೋಗೆ ಹೇರಿಕೊಂಡು ಡೊಂಬಿವಲಿಯಿಂದ ಕಲ್ಯಾಣಕ್ಕೆ ಹೊರಡುವ ಮುಂಬಯಿ ಕನ್ನಡಿಗರೇ, ನಿಮ್ಮದೊಂದೇ ಕಷ್ಟ ಎಂದು ಕೊರಗಬೇಡಿ. ಹಿಂದೆ ಮುಂಬಯಿ ಪ್ರಾಂತದ ಗವರ್ನರ್ ಸಾಹೇಬರು ವರ್ಷಕ್ಕೆ ಮೂರು ಸಲ ಮನೆ ಬದಲಿಸುತ್ತಿದ್ದರು. ಚಳಿಗಾಲಕ್ಕೆ ಪರೇಲ್, ಬೇಸಿಗೆಗೆ ಮಹಾಬಳೇಶ್ವರ, ಮಳೆಗಾಲಕ್ಕೆ ಪುಣೆಯ ಗಣೇಶಖಿಂಡ್. ಪಾಪ, ದಲಾಲಿಯೊಂದು ಉಳಿಯುತ್ತಿತ್ತು ಅಷ್ಟೆ.

ಈ ಗಡಿಬಿಡಿಯ ನಡುವೆ ಗಡಿಯ ಚಿಂತೆ ಬೇರೆ. ಆಗ ಸಿಂಧ್ ಕೂಡ ಮುಂಬಯಿಗೇ ಸೇರಿತ್ತು. ಅಫ್ಘಾನಿಸ್ತಾನದಲ್ಲಿ ಯಾರಾದರೂ ಸೀನಿದರೆ ಪರೇಲಿನಲ್ಲಿ ನೆಗಡಿ. ಪ್ರಾಂತದ ಇನ್ನೊಂದು ಅಂಚಿನಲ್ಲಿ ಧಾರವಾಡ, ಬೆಳಗಾವಿ, ಕಲಾದಗಿಗಳೂ ಇದ್ದವು. ಅಲ್ಲಿಯವರು ಬರೀ ಹಸಿದಿದ್ದರು. ಬಂದೂಕು ಹಿಡಿದಿರಲಿಲ್ಲವಾದ್ದರಿಂದ ಚಿಂತೆಯ ಪಟ್ಟಿಗೆ ಸೇರಲಿಲ್ಲ.

1876ರಲ್ಲಿ ಬರ ಬಿತ್ತು. ಕ್ಷಾಮದ ಖರ್ಚು ಹಿಡಿತದಲ್ಲಿಡಲು ಬಂದ ರಿಚರ್ಡ್ ಟೆಂಪಲ್ ಸಾಹೇಬರು, ದಿನವಿಡೀ ದುಡಿಯುವ ಕೂಲಿಯಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಜತೆಗೊಂದು ಆಣೆ ಸಾಕು ಎಂದು ಲೆಕ್ಕ ಹಾಕಿದರು. ಇಂಥ ಜಾಣರಿಗೆ ಬಡ್ತಿ ತಪ್ಪೀತೇ? 1877ರಲ್ಲಿ ಅವರೇ ಮುಂಬಯಿಯ ಗವರ್ನರ್. ಅಫ್ಘಾನ್ ಯುದ್ಧ ಬಂದಾಗ ಮಾತ್ರ ಜಿಪುಣತನ ಮಾಯ. ಕಂದಹಾರದ ದಾರಿಯಲ್ಲಿ, ರುಕ್‌ನಿಂದ ಸಿಬಿವರೆಗೆ, 133 ಮೈಲಿ ರೈಲುಹಳಿಯನ್ನು 101 ದಿನಗಳಲ್ಲಿ ಹಾಸಿಸಿದರು. ಅತ್ತ ಧಾರವಾಡದ ಕ್ಷಾಮಕ್ಕೆ ಕಾಳು ಹೊತ್ತು ತರಲು ರೈಲೇ ಇರಲಿಲ್ಲ. ಆ ಸೀಮೆಗೆ ಹಳಿ ಹಾಸಲು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿದ್ದೇ 1882ರಲ್ಲಿ. ಅಷ್ಟರಲ್ಲಿ ಟೆಂಪಲ್ ಸಾಹೇಬರು ಪಾರ್ಲಿಮೆಂಟಿಗೆ ನಿಲ್ಲಲು ಊರಿಗೆ ಹೋಗಿ, ಸೋತೂ ಆಗಿತ್ತು.

ಅವರ ನಂತರ ಜೇಮ್ಸ್ ಫರ್ಗುಸನ್. ಬಂದು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ, 1880ರ ಜುಲೈ 27ರಂದು, ಮೈವಂದ್‌ನಲ್ಲಿ ಅಯೂಬ್ ಖಾನ್ ಎದುರು ಬ್ರಿಟಿಷ್ ದಂಡು ಮಣ್ಣುಮುಕ್ಕಿತು. ಆ ದಂಡಿನಲ್ಲಿ ಮುಂಬಯಿ ಸೇನೆಯ ಪಲ್ಟನ್‌ಗಳಿದ್ದವು. ಫರ್ಗುಸನ್ ಸಾಹೇಬರ ಸಂಸಾರದ ಕಥೆಗೆ ನಾನು ನಗಲಾರೆ. ಮೊದಲ ಹೆಂಡತಿ ಅಡಿಲೇಡಿನಲ್ಲಿ ತೀರಿಕೊಂಡಿದ್ದರು. ಎರಡನೆಯವರು, ಆಲಿವ್, 1882ರ ಜನವರಿಯಲ್ಲಿ ಇಲ್ಲೇ ಕಾಲರಾಕ್ಕೆ ಬಲಿಯಾದರು. ಕಾಲರಾಕ್ಕೆ ಆಳು-ಅರಸ ಎಂಬ ಭೇದವಿಲ್ಲ.

ಭೇದವಿದ್ದದ್ದು ಆಮೇಲಿನ ಏರ್ಪಾಟಿನಲ್ಲಿ. ಪರೇಲಿನ ಗಾಳಿ ಒಳ್ಳೆಯದಲ್ಲ ಎಂದು ಗವರ್ನರ್ ಮನೆ ಮಲಬಾರ್ ಪಾಯಿಂಟಿನ ಕಡಲಗಾಳಿಗೆ ಹೋಯಿತು. ಪರೇಲಿನ ಅದೇ ಗಾಳಿಯಲ್ಲಿ ಗಿರಣಿಗಳೂ ಚಾಳುಗಳೂ ಉಳಿದವು. ಗವರ್ನರ್ ಮನೆಗೆ ಕಾಲರಾ ಬಂದರೆ ಮನೆಯೇ ಬದಲಿ. ಗಿರಣಿಯವನಿಗೆ ಬಂದರೆ ಬದಲಿ ಕಾಮಗಾರ. ಬಿಟ್ಟುಹೋದ ಬಂಗಲೆಗೆ 1899ರಲ್ಲಿ ಹಾಫ್‌ಕಿನ್ ಪ್ಲೇಗ್ ಪ್ರಯೋಗಾಲಯ ಬಂತು. ಲಾಟ್ ಸಾಹೇಬರ ಬಂಗಲೆ ಪರೇಲಿನವರಿಗೆ ಉಪಕಾರಕ್ಕೆ ಬಂದದ್ದು ಸಾಹೇಬರು ಖಾಲಿ ಮಾಡಿದ ಮೇಲೆ.

ಮಲಬಾರ್ ಹಿಲ್‌ನಲ್ಲಿ ಈಗ ನಮ್ಮವರೇ ಮಂತ್ರಿಗಳು. ಗಡಿಯ ಚಿಂತೆ ಮಾತ್ರ ಬಂಗಲೆಯ ಹಳೇ ಸಾಮಾನಿನ ಜೊತೆ ಹಸ್ತಾಂತರವಾಗಿದೆ. 2022ರ ಡಿಸೆಂಬರಿನಲ್ಲಿ ಇಬ್ಬರು ಮಹಾರಾಷ್ಟ್ರ ಮಂತ್ರಿಗಳು ಬೆಳಗಾವಿಗೆ ಹೊರಡುತ್ತೇವೆಂದು ಸಾರಿದರು, ಹೊರಡಲಿಲ್ಲ. ಬಸ್ಸುಗಳಿಗೆ ಮಸಿ, ಕಲ್ಲು ಮಾತ್ರ ಬಿತ್ತು. ಮೀಸೆ ತಿರುವಬೇಡಿ, ನಮ್ಮ ಕಡೆಯವರೂ ಅವರ ತಮ್ಮಂದಿರೇ. ಬೆಳಗಾವಿಯ ಸುವರ್ಣ ವಿಧಾನಸೌಧವೂ ಒಂದು ಗಣೇಶಖಿಂಡ್. ವರ್ಷಕ್ಕೊಮ್ಮೆ ಚಳಿಗಾಲದ ಬಿಡಾರ, ಮತ್ತೆ ಬೀಗ.

ಅಂದಹಾಗೆ ಆ ಕಂದಹಾರದ ರೈಲು? 1880ರಲ್ಲಿ ಕೆಲಸ ನಿಲ್ಲಿಸಿದರು. ಆಮೇಲೆ ರಷ್ಯಾಕ್ಕೆ ಸುಳಿವು ಸಿಗದಂತೆ ‘ಹರ್ನಾಯ್ ರಸ್ತೆ ಸುಧಾರಣೆ’ ಎಂಬ ಹೆಸರಿಟ್ಟು ಮತ್ತೆ ಶುರು ಮಾಡಿದರು. ಹಳಿ ಗಡಿಯ ಚಮನ್‌ವರೆಗೆ ಹೋಗಿ ನಿಂತಿತು. ಕಂದಹಾರಕ್ಕೆ ಇವತ್ತಿಗೂ ರೈಲಿಲ್ಲ.