ಗಾಳಮೀಮಾಂಸೆ: ಮಾರಿಕಣಿವೆಯ ಪರಿಪ್ರೇಕ್ಷ್ಯದಲ್ಲಿ ಒಂದು ಬಹುಶಿಸ್ತೀಯ ಮರುಚಿಂತನೆ

1. ಪ್ರಸ್ತಾವನೆ

ಗಾಳವೆಂಬುದು ಬರೀ ಬಾಗಿದ ತಂತಿಯಲ್ಲ, ಅದೊಂದು ಸಂಕಥನ. ಅದರ ಒಂದು ತುದಿಯಲ್ಲಿ ಹಸಿವಿದೆ, ಇನ್ನೊಂದು ತುದಿಯಲ್ಲೂ ಹಸಿವಿದೆ, ನಡುವೆ ತಂಗೂಸಿ ಇದೆ. ಈ ತಂಗೂಸಿಯನ್ನು 'ಅಂತರ್‌ಜೀವೀಯ ಅಧಿಕಾರ ಸಂಬಂಧಗಳ ಪಾರದರ್ಶಕ ಮಾಧ್ಯಮ' ಎಂದು ಕರೆಯಬಹುದು. ಕರೆಯದೆಯೂ ಇರಬಹುದು. ಮೀನಿಗೆ ಎರಡೂ ಒಂದೇ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಪ್ರಸ್ತುತ ಅಧ್ಯಯನದ ವ್ಯಾಪ್ತಿಯಾಗಿ ಇಟ್ಟುಕೊಳ್ಳಲಾಗಿದೆ. ಪ್ರಬಂಧಕಾರನ ಅರ್ಹತೆ ಎರಡು. ಒಂದು, ಈ ನಾಲ್ಕೂ ತಾಲ್ಲೂಕಿನ ಕೆರೆ ಏರಿಗಳ ಮೇಲೆ ಚಿಕ್ಕಂದಿನಿಂದ ಕೂತು ಬರಿಗೈಯಲ್ಲಿ ಎದ್ದು ಬಂದಿರುವುದು. ಎರಡು, ಒಂದು ವಿಚಾರ ಸಂಕಿರಣದಲ್ಲಿ ಕೆರೆಗಳ ಮೇಲಿನ ಪ್ರಬಂಧವೊಂದನ್ನು ಊಟದ ಹೊತ್ತು ಮೀರುವವರೆಗೆ ಕೇಳಿಸಿಕೊಂಡಿರುವುದು. ಆ ಪ್ರಬಂಧದಲ್ಲಿ 'ಜಲಸಂಪನ್ಮೂಲ' ಬಂತು, 'ಜಲಪ್ರಜ್ಞೆ' ಬಂತು, 'ಜಲಸ್ಮೃತಿ'ಯೂ ಬಂತು. ನೀರು ಮಾತ್ರ ಬರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಮಗೆ ಕುಡಿಯುವುದಕ್ಕೂ ಬರಲಿಲ್ಲ.

2. ಪೂರ್ವಸೂರಿಗಳು

ಶಾಸ್ತ್ರವೆಂದ ಮೇಲೆ ಪರಂಪರೆ ಬೇಕು. ಇಲ್ಲದಿದ್ದರೆ ಅನುದಾನ ಸಿಗದು. ನಮ್ಮ ಪುಣ್ಯ, ಗಾಳಕ್ಕೆ ರಾಜಪರಂಪರೆಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಪ್ರಕರಣವಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಅವಕ್ಕೆ ಹಾಕುವ ತಿನಿಸು, ಗಾಳ ಹಾಕುವ ಬಗೆ ಎಲ್ಲವನ್ನೂ ದೊರೆ ಹೇಳಿದ್ದಾನೆ. ಇಂಗ್ಲಿಷರು ತಲೆಯ ಮೇಲಿಟ್ಟುಕೊಂಡು ಮೆರೆಸುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ನಮ್ಮವನು ಅದಕ್ಕೆ ಐನೂರು ವರ್ಷ ಮೊದಲೇ ಗಾಳ ಬಿಟ್ಟು ಕೂತಿದ್ದ. ಇದನ್ನು ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಮೀನು ಬೀಳುವುದಿಲ್ಲ.

ಎರಡನೆಯ ಪರಂಪರೆ ಅಮೆರಿಕದ್ದು. ಅಲ್ಲಿ 'ಬಾಸ್' ಎಂಬ ಅಗಲಬಾಯಿಯ ಮೀನಿದೆ. ನಮ್ಮಲ್ಲೂ ಬಾಸ್ ಉಂಟು, ಆದರೆ ಅದು ನೀರಿನಿಂದ ಹೊರಗೆ, ಕಚೇರಿಗಳಲ್ಲಿ ಹೆಚ್ಚಾಗಿ ಕಾಣಸಿಗುವ ಪ್ರಭೇದ. ಬಾಯಿ ಅಗಲವಿರುವುದೊಂದೇ ಸಾಮ್ಯ. 1932ರಲ್ಲಿ ಜಾರ್ಜಿಯಾ ರಾಜ್ಯದ ಜಾರ್ಜ್ ಪೆರಿ ಎಂಬ ರೈತ 22 ಪೌಂಡ್ 4 ಔನ್ಸಿನ ಬಾಸ್ ಹಿಡಿದ. ಅಂದರೆ ಹತ್ತು ಕಿಲೋ. ಅದೇ ವಿಶ್ವದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಅದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಆದರೆ ದಾಖಲೆ ಮುರಿಯಲು ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮವಿದೆ, ಹಾಗಾಗಿ ಸರಿಸಮ ಎಂದು ತೀರ್ಪಾಯಿತು. ಪೆರಿಗೆ ಈ ತಲೆನೋವು ಇರಲಿಲ್ಲ. ಅವನ ಮನೆಯವರು ವಿಶ್ವದಾಖಲೆಯನ್ನು ಬೇಯಿಸಿಕೊಂಡು ತಿಂದರು.

3. ಪರಿಕರ ಪ್ರಕರಣ

ಪರಿಕರಗಳನ್ನು ಮಾರ್ಗ ಮತ್ತು ದೇಸಿ ಎಂದು ಎರಡಾಗಿ ವಿಂಗಡಿಸಲಾಗಿದೆ.

ಮಾರ್ಗ: ಏಳಡಿಯ ಗ್ರಾಫೈಟ್ ರಾಡು. ಬೇಟ್‌ಕಾಸ್ಟಿಂಗ್ ರೀಲು, ಗೇರ್ ರೇಶಿಯೋ 7.1:1, ಎಂದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸುರುಳಿ ಏಳು ಸುತ್ತು ಬರುತ್ತದೆ. ಹೆಣೆದ ದಾರ, ಕ್ರ್ಯಾಂಕ್ ಬೇಟ್, ಸ್ಪಿನ್ನರ್ ಬೇಟ್. ಕಣ್ಣು ಕುಕ್ಕದ ಕನ್ನಡಕ. ಎದೆಯ ಮೇಲೆ ಕ್ಯಾಮೆರಾ. ಜೊತೆಗೆ ಇವುಗಳ ಬೆಲೆಯನ್ನು ಹೆಂಡತಿಗೆ ಹೇಳದಿರುವ ಸಂಯಮ.

ದೇಸಿ: ಬಿದಿರು ಕೋಲು, ತಂಗೂಸಿ, ಸೀಸದ ಗುಂಡು, ಗಾಳ, ಎರೆಹುಳ. ಬೆಂಡಿಗೆ ಸವೆದ ಹವಾಯಿ ಚಪ್ಪಲಿಯ ತುಂಡು. ಎರೆ ಸಿಗದ ಬೇಸಿಗೆಯಲ್ಲಿ ಹಿಟ್ಟಿನ ಉಂಡೆ, ವಿದ್ವತ್ ಪರಿಭಾಷೆಯಲ್ಲಿ 'ಸ್ಥಳೀಯ ಧಾನ್ಯಾಧಾರಿತ ಜೈವಿಕ ಆಕರ್ಷಕ'.

ಈ ಎರಡೂ ಧಾರೆಗಳು ಸಂಗಮಿಸುವುದು ರಬ್ಬರ್ ಕಪ್ಪೆಯಲ್ಲಿ. ಬಾಸ್ ಹಿಡಿಯಲೆಂದು ಅಮೆರಿಕದಲ್ಲಿ ಬಳಕೆಗೆ ಬಂದ ಈ ಪೊಳ್ಳು ಕಪ್ಪೆಯನ್ನು ನಮ್ಮವರು ಕೊರವನಿಗೆ ಎಸೆಯುತ್ತಾರೆ. ಕೊರವನೂ ಬಾಸಿನಂತೆಯೇ ಜೊಂಡಿನ ಮರೆಯಲ್ಲಿ ಹೊಂಚಿ ಕೂತು ಒಮ್ಮೆಲೇ ಎರಗುವ ಮೀನು. ಈ ವಿಷಯಕ್ಕೆ ಮುಂದೆ ಬರಲಾಗುವುದು. ಬರುವ ಮನಸ್ಸಿಲ್ಲ, ಆದರೂ ಬರಲಾಗುವುದು.

4. ಗಾಳಗಾರರ ವರ್ಗೀಕರಣ

ಗಾಳಗಾರರು ಏಳು ವಿಧ. (ಅ) ಏರಿಸ್ಥ: ಏರಿಯ ಮೇಲೆ ಟವಲು ಹಾಸಿ ಕೂರುವವನು; ಮಾತಿಲ್ಲ, ಬೀಡಿ ಇದೆ. (ಆ) ತೆಪ್ಪಸ್ಥ: ಗಾಳದಲ್ಲಿ ನಂಬಿಕೆ ಇಲ್ಲದೆ ಬಲೆ ಬಿಡುವವನು, ಇವನೊಬ್ಬನ ಮನೆಯಲ್ಲೇ ಒಲೆ ಉರಿಯುವುದು ಮೀನಿನಿಂದ. (ಇ) ವಿಡಿಯೋಸ್ಥ: ಮೀನಿಗಿಂತ ಮುಂಚೆ ಬೆಳಕನ್ನು ಹುಡುಕುವವನು. (ಈ) ಉಪದೇಶಸ್ಥ: ಗಾಳ ತರದೆ, 'ಇಲ್ಲಿ ಬೀಳಲ್ಲ, ಆ ಕಡೆ ಹಾಕಿ' ಎನ್ನುವವನು. (ಉ)...

ಉಳಿದ ಮೂರು ವಿಧಗಳನ್ನು ಕೈಬಿಡಲಾಗಿದೆ. ಬರೆಯುವವನಿಗೇ ಬೇಜಾರಾದದ್ದನ್ನು ಓದುವವರ ಮೇಲೆ ಹೇರುವುದು ಪಿಎಚ್‌ಡಿಯಲ್ಲಿ ಮಾತ್ರ ಸಲ್ಲುತ್ತದೆ.

5. ಸ್ಪರ್ಧಾನುಭವ: ಒಂದು ಸ್ವಾನುಭವಾತ್ಮಕ ನಿರೂಪಣೆ

ಬೆಂಗಳೂರಿನ ಹೊರವಲಯದ ಕೊಳವೊಂದರಲ್ಲಿ ಗಾಳದ ಸ್ಪರ್ಧೆಯೆಂದು ಗೆಳೆಯ ಎಳೆದುಕೊಂಡು ಹೋದ. ಪ್ರವೇಶ ಶುಲ್ಕ ಕಟ್ಟಿದ್ದಕ್ಕೆ ಟೀಶರ್ಟು, ಟೋಪಿ, ಕುತ್ತಿಗೆಗೆ ಪಟ್ಟಿ. ಧ್ವನಿವರ್ಧಕದಲ್ಲಿ ಒಬ್ಬರು ನೀರಿನ ಉಷ್ಣಾಂಶ, ಮೀನಿನ ಮನಃಸ್ಥಿತಿ ಮತ್ತು 'ಪ್ಯಾಟರ್ನ್' ಕುರಿತು ಮಾತಾಡುತ್ತಲೇ ಇದ್ದರು. ನಾಲ್ಕು ತಾಸಿನಲ್ಲಿ ನನಗೆ ಬಿದ್ದದ್ದು ಅಂಗೈಯಷ್ಟು ಅಗಲದ ಒಂದು ಜಿಲೇಬಿ ಮೀನು. ಪಕ್ಕದವರಿಗೆ ಅದೂ ಇಲ್ಲ. ಕಾವಲಿನ ಮುದುಕ ಬಂದು ಮೆಲ್ಲಗೆ ಹೇಳಿದ: 'ನಿನ್ನೆ ರಾತ್ರಿ ಟೆಂಪೋದಾಗೆ ತಂದು ಬಿಟ್ಟವ್ರೆ ಸಾ. ಅವಕ್ಕಿನ್ನೂ ಊರೇ ಗೊತ್ತಿಲ್ಲ, ಎಲ್ಲಿ ಕಚ್ತಾವೆ?' ಇಡೀ ದಿನದಲ್ಲಿ ನಾನು ಕೇಳಿದ ವೈಜ್ಞಾನಿಕ ಮಾತು ಅದೊಂದೇ.

ಸ್ಪರ್ಧೆಯೆಂಬುದು ಎಲ್ಲೆಡೆ ಹೀಗೆಯೇ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಈರಿ ಸರೋವರದ ಸ್ಪರ್ಧೆಯೊಂದರಲ್ಲಿ, ಗೆದ್ದವರ ಮೀನಿನ ತೂಕಕ್ಕೂ ಗಾತ್ರಕ್ಕೂ ತಾಳೆಯಾಗಲಿಲ್ಲವೆಂದು ಹೊಟ್ಟೆ ಸೀಳಿ ನೋಡಿದರೆ ಒಳಗೆ ಸೀಸದ ಗುಂಡುಗಳಿದ್ದವು. ನನಗೆ ಇದರಲ್ಲಿ ಅಚ್ಚರಿ ಕಾಣಲಿಲ್ಲ. ಹಗುರಾದ ಪ್ರಬಂಧದ ಹೊಟ್ಟೆಗೆ ಪರಿಭಾಷೆ ತುಂಬಿ ತೂಕಕ್ಕಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ಸೀಳಿ ನೋಡುವವರಿಲ್ಲ, ಅಷ್ಟೇ.

6. ಮಾರಿಕಣಿವೆ

ಅದೇ 2022ರ ಸೆಪ್ಟೆಂಬರಿನಲ್ಲಿ ಇಲ್ಲಿ ಬೇರೆಯೇ ಸಂಗತಿ ನಡೆದಿತ್ತು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, ಕೋಡಿ ಬಿದ್ದಿತು. ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಮುದುಕಿಯಾಗಿ ನೋಡಿದಳು. ಊರೂರಿನಿಂದ ಟ್ರ್ಯಾಕ್ಟರು ಕಟ್ಟಿಕೊಂಡು ಜನ ಬಂದರು. ಅದಕ್ಕೆ ಕೆಲವೇ ವರ್ಷ ಮುಂಚೆ ಇದೇ ಹಿರಿಯೂರು ಸೀಮೆಯಲ್ಲಿ ತೆಂಗಿನ ತೋಟಗಳು ಸುಳಿ ಒಣಗಿ ನಿಂತಿದ್ದವು, ಟ್ಯಾಂಕರಿನ ನೀರು ಕೊಂಡು ಮರಕ್ಕೆ ಹಾಕುತ್ತಿದ್ದರು.

ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ಒಬ್ಬ ಹುಡುಗನನ್ನು ಕಂಡೆ. ಎಂಟನೇ ಕ್ಲಾಸಿರಬಹುದು. ಬಾಯಲ್ಲಿ ತಂಗೂಸಿ ಕಚ್ಚಿಕೊಂಡು ಗಂಟು ಹಾಕಿದ, ಹಲ್ಲಲ್ಲೇ ತುದಿ ಕತ್ತರಿಸಿದ. ಎರೆಹುಳವನ್ನು ಗಾಳದ ಉದ್ದಕ್ಕೂ ಕಾಲ್ಚೀಲ ತೊಡಿಸುವ ಹಾಗೆ ಏರಿಸಿದ, ಮುಳ್ಳು ಕಾಣಬಾರದು. ಒಂದು ಸಲ ಉಗಿದ. ಎಸೆದ. ನೀಲಿ ಚಪ್ಪಲಿಯ ತುಂಡು ನೀರ ಮೇಲೆ ನೆಟ್ಟಗೆ ಕೂತಿತು.

'ಯಾಕೋ ಉಗೀತೀಯ?' ಅಂದೆ.

'ಕಚ್ಚಲಿ ಅಂತ ಅಣ್ಣ.'

'ಉಗಿದ್ರೆ ಕಚ್ಚುತ್ತಾ?'

'ಉಗೀದಿದ್ರೂ ಕಚ್ತಾವೆ. ಸುಮ್ನಿರಣ್ಣ, ಬೆಂಡು ಅಲ್ಲಾಡ್ತೈತೆ.'

ವಿಧಾನ, ಅದರ ವಿಮರ್ಶೆ, ವಿಮರ್ಶಕನಿಗೆ ಸೂಚನೆ, ಮೂರೂ ಮುಗಿದವು. ಈ ಹುಡುಗನನ್ನು ಯಾವ ಸಂಕಿರಣಕ್ಕೂ ಕರೆಯುವುದಿಲ್ಲ. ಬದಲಿಗೆ ಹರಾಜಾದ ಕೆರೆಗಳಲ್ಲಿ ಗುತ್ತಿಗೆದಾರನ ಆಳುಗಳು ಇಂಥವರ ಕೋಲು ಮುರಿದು ಓಡಿಸುತ್ತಾರೆ. ನನ್ನದೂ ಒಂದು ಕೋಲು ಹಾಗೆ ಮುರಿದಿದೆ. ಲಾರಿಗಟ್ಟಲೆ ಮೀನು ತುಂಬುವವರಿಗೆ ಹುಡುಗನೊಬ್ಬ ಹಿಡಿದ ನಾಲ್ಕು ಪಕ್ಕೆಮೀನು ಕಳ್ಳಮಾಲಾಗಿ ಕಾಣುತ್ತದೆ!

7. ಕೊರವ

ಮುಂದೂಡಿದ್ದ ವಿಷಯಕ್ಕೆ ಬರುತ್ತೇನೆ. ಇನ್ನು 'ಬರಲಾಗುವುದು' ಎನ್ನಲಾರೆ.

ಮಳೆಗಾಲದಲ್ಲಿ ಕೊರವ ಮರಿ ಮಾಡುತ್ತದೆ. ಕೆಂಪು ಎಳೆಮರಿಗಳ ಹಿಂಡು ನೀರ ಮೇಲೆ ಚೆಲ್ಲಿದ ಕುಂಕುಮದಂತೆ ಸರಿದಾಡುತ್ತಿರುತ್ತದೆ. ಹೆತ್ತ ಮೀನು ಅದರ ಕೆಳಗೇ ಕಾವಲು. ರಬ್ಬರ್ ಕಪ್ಪೆಯವನು ಸರಿಯಾಗಿ ಆ ಕೆಂಪಿನ ಮೇಲೆ ಎಸೆಯುತ್ತಾನೆ. ಕೊರವ ಎರಗುತ್ತದೆ, ಹಸಿದಲ್ಲ, ಮರಿಗಳ ಮೇಲಿನ ಕಕ್ಕುಲತೆಗೆ. ಹಿಡಿದವನು ಇದಕ್ಕೆ 'ಟೆಕ್ನಿಕ್' ಎನ್ನುತ್ತಾನೆ. ಗೂಡು ಕಾಯುವ ಬಾಸನ್ನು ಅಮೆರಿಕದಲ್ಲಿ ಹಿಡಿಯುವುದೂ ಇದೇ ಉಪಾಯದಿಂದ. ಆಮೇಲೆ ಆ ಮರಿಗಳನ್ನು ಜಿಲೇಬಿ ತಿನ್ನುತ್ತದೆ, ನಿಷೇಧವಿದ್ದರೂ ಕೆರೆ ಹೊಕ್ಕ ಆಫ್ರಿಕನ್ ಕ್ಯಾಟ್‌ಫಿಶ್ ತಿನ್ನುತ್ತದೆ. ನನ್ನ ಸೋದರಮಾವ ಮೀನಿಲ್ಲದೆ ಉಣ್ಣದ ಮನುಷ್ಯ. ಮರಿ ಮೇಲಿರುವ ಕೊರವನನ್ನು ಕಂಡರೆ ಕೋಲು ಸುತ್ತಿಕೊಂಡು ಎದ್ದುಬಿಡುತ್ತಿದ್ದ. ಕೇಳಿದರೆ, 'ಬಾಣಂತಿ ಕಣೋ' ಅಂದಷ್ಟೇ. ಅದಕ್ಕೆ ಪರಿಭಾಷೆ ಇರಲಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ಆ ಮಾವನ ಊರ ಕೆರೆಯಲ್ಲಿ ಈಗ ಜಾಲಿ ಬೆಳೆದಿದೆ. ಹೆಸರಿನಲ್ಲೇ ಕೆರೆ ಇಟ್ಟುಕೊಂಡ ತಾಲ್ಲೂಕು. ದುರ್ಗದ ಚಂದ್ರವಳ್ಳಿಯಲ್ಲಿರುವ ಕದಂಬರ ಮಯೂರಶರ್ಮನ ಶಾಸನ ಕೂಡ ಕೆರೆಯ ಮಾತನ್ನೇ ಆಡುತ್ತದೆ, ಯುದ್ಧದ ಜೊತೆಗೆ. ಮೂರೇ ಸಾಲು. ಕೆರೆ ಕಟ್ಟಿದವರಿಗೆ ಅಷ್ಟು ಸಾಕಾಗಿತ್ತು. ಕೆರೆ ಕಳೆದ ನಾವು ಪುಟಗಟ್ಟಲೆ ಬರೆಯುತ್ತಿದ್ದೇವೆ, ಈ ಪ್ರಬಂಧವೂ ಸೇರಿ. ನೀರು ಇಳಿದಷ್ಟೂ ಮಾತು ಏರುತ್ತಿದೆ.

ಆದ್ದರಿಂದ ಉಪಸಂಹಾರವಿಲ್ಲ, ಒಂದು ಕೆಲಸವಿದೆ. ಮೀನು ತಿನ್ನುವವರೋ ಅಲ್ಲವೋ, ನಿಮ್ಮೂರ ಕೆರೆಗೆ ನೀರು ತರುವ ಹಳ್ಳ ಯಾವುದೆಂದು ಕೇಳಿಕೊಂಡು, ಅದರ ಗುಂಟ ಒಂದು ದಿನ ಮೇಲಕ್ಕೆ ನಡೆಯಿರಿ. ಎಲ್ಲಿ ಮಣ್ಣು ತುಂಬಿದ್ದಾರೆ, ಎಲ್ಲಿ ಬೇಲಿ ಹಾಕಿದ್ದಾರೆ, ನೋಡಿ ಬಂದು ಪಂಚಾಯ್ತಿಯಲ್ಲಿ ಹೇಳಿ. ದಾರಿಯಲ್ಲಿ ಏರಿಯ ಮೇಲೆ ಗಾಳ ಹಿಡಿದು ಕೂತ ಹುಡುಗರು ಸಿಕ್ಕರೆ ಮಾತಾಡಿಸಬೇಡಿ. ಬೆಂಡು ಅಲ್ಲಾಡುತ್ತಿರುತ್ತದೆ.